ಗೋಡೆ ಕೊಡಿ, ಗುಡ್ಡವನ್ನು ಬಿಡಿ

ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅಧ್ಯಕ್ಷರಿಗೂ ಕಾರ್ಯಕಾರಿ ಸಮಿತಿಯ ಸದಸ್ಯರಿಗೂ,

ಮಾನ್ಯರೇ,

ಬೆಂಗಳೂರಿನಿಂದ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರು ಬಿಟ್ಟು, ಕೃಷ್ಣೆಯನ್ನು ದಾಟಿ ಒಂದಿಷ್ಟು ದೂರ ಬಂದರೆ ಗುಂಡುಗಲ್ಲುಗಳ ಗುಡ್ಡವೊಂದು ಎದುರಾಗುತ್ತದೆ. ಅದರ ನೆತ್ತಿಯ ಮೇಲೆ ಕೋಟೆ, ಬುಡದಲ್ಲಿ ನಮ್ಮ ಊರು ಯಾದಗಿರಿ. ಇಲ್ಲಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಮಕ್ಕಳಿಗೆ ಖೋ ಖೋ, ಕಬಡ್ಡಿ, ವಾಲಿಬಾಲ್ ಕಲಿಸುತ್ತೇನೆ. ಬಂಡೆ ಹತ್ತುವುದನ್ನು ನಾನು ಕಲಿಸಿದವನಲ್ಲ. ಅದನ್ನು ಅವರು ಮನೆಯಿಂದಲೇ ಕಲಿತುಕೊಂಡು ಬರುತ್ತಾರೆ. ಹತ್ತಬೇಡಿ ಎಂದು ಗದರಿಸುವುದಷ್ಟೇ ಇಷ್ಟು ವರ್ಷ ನನ್ನ ಪಾಲಿಗೆ ಬಂದ ಕೆಲಸ.

ಒಲಿಂಪಿಕ್ಸ್‌ನಲ್ಲಿ ಆರೋಹಣ, ಅಂದರೆ ಕಟ್ಟಿದ ಗೋಡೆಯನ್ನು ಹತ್ತುವ ಸ್ಪರ್ಧೆ, ಇರಬೇಕೇ ಬೇಡವೇ ಎಂಬ ವಾದ ಹಳೆಯದಾಯಿತು ಎಂದು ನೀವು ಹೇಳಬಹುದು. 2016ರ ಆಗಸ್ಟ್ 3ರಂದು ರಿಯೊದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಿಗೆ ಕೊಟ್ಟಿತು, ಟೋಕಿಯೊ ಆಯಿತು, ಪ್ಯಾರಿಸ್ ಆಯಿತು, 2028ರ ಲಾಸ್ ಏಂಜಲೀಸ್ ಎದುರಿಗಿದೆ. ಆದರೆ ಒಲಿಂಪಿಕ್ ಸಮಿತಿ ಬಾಗಿಲು ತೆರೆದ ಮಾತ್ರಕ್ಕೆ ಬಂದ ನೆಂಟನನ್ನು ಮನೆಯವರು ಪಡಸಾಲೆಯಲ್ಲಿ ಕೂರಿಸುತ್ತಾರೆ ಎಂದೇನೂ ಇಲ್ಲ. ಪರ್ವತಾರೋಹಣದ ಸಂಸ್ಥೆಗಳು ಈ ಹೊಸ ಆಟವನ್ನು ಮನಸಾರೆ ಒಪ್ಪಿಕೊಳ್ಳಬೇಕೇ, ಇಲ್ಲವೇ ಲೆಕ್ಕಕ್ಕೊಂದು ವಿಭಾಗ ಇಟ್ಟುಕೊಂಡು ಸುಮ್ಮನಿರಬೇಕೇ ಎಂಬ ತೀರ್ಮಾನ ಒಂದೇ ದಿನದ ಮತದಾನದಲ್ಲಿ ಆಗುವುದಿಲ್ಲ. ಪ್ರತಿ ವರ್ಷದ ಖರ್ಚುವೆಚ್ಚದ ಪುಸ್ತಕದಲ್ಲಿ ಆಗುತ್ತದೆ. 2036ರ ಕ್ರೀಡಾಕೂಟವನ್ನು ಇಲ್ಲಿಗೆ ತರಬೇಕೆಂದು ನಮ್ಮ ದೇಶ 2024ರ ಅಕ್ಟೋಬರ್‌ನಲ್ಲಿ ಪತ್ರ ಕೊಟ್ಟಿದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಗಡಿಬಿಡಿ ಈಗಿನಿಂದಲೇ ಶುರುವಾಗುತ್ತದೆ. ಆ ಗಡಿಬಿಡಿಯಲ್ಲಿ ನಮ್ಮಂತಹ ಊರುಗಳು ಮರೆತುಹೋಗುವ ಮೊದಲು ಈ ಪತ್ರ.

ನಾನೂ ಮೊದಲು ವಿರೋಧಿಯೇ ಆಗಿದ್ದೆ. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ಶಿಬಿರದಲ್ಲಿ ಹಗ್ಗ ಕಟ್ಟಿಕೊಂಡು ಬಂಡೆ ಹತ್ತಿದವನು ನಾನು. ನಮಗೆ ಕಲಿಸಿದ ಹವಾಲ್ದಾರರು ಕೈ ಇಡುವ ಮೊದಲು ಕಲ್ಲಿಗೆ ನಮಸ್ಕಾರ ಮಾಡಿಸುತ್ತಿದ್ದರು. ಗಡಿಯಾರ ನೋಡಿದವನನ್ನು ಕೆಳಗಿಳಿಸುತ್ತಿದ್ದರು. ಆ ಪಾಠ ಮೈಯಲ್ಲಿ ಕೂತಿತ್ತು. 2020ರ ಕ್ರೀಡಾಕೂಟಕ್ಕೆ ಸೇರಲು ಹೊರಟ ಆಟಗಳ ಸಾಲಿನಿಂದ 2013ರ ಮೇ ತಿಂಗಳಲ್ಲಿ ಆರೋಹಣವನ್ನು ಕೈಬಿಟ್ಟು, ಕೊನೆಗೆ ಸೆಪ್ಟೆಂಬರ್‌ನಲ್ಲಿ ಕುಸ್ತಿಗೆ ಆ ಜಾಗ ಮರಳಿ ಸಿಕ್ಕಾಗ ನಾನು ಸಿಬ್ಬಂದಿ ಕೊಠಡಿಯಲ್ಲಿ ಪೇಡೆ ಹಂಚಿದ್ದೆ. ಜಾತ್ರೆ ಎಂದರೆ ಕುಸ್ತಿ, ಗುಂಡು ಎತ್ತುವುದು ಎಂದು ಬೆಳೆದವನಿಗೆ ಬೇರೆ ಏನು ಅನ್ನಿಸಬೇಕಿತ್ತು? ಗೋಡೆ ಹತ್ತುವುದಕ್ಕೂ ಪದಕ ಕೊಡುವುದಾದರೆ ತೆಂಗಿನ ಮರ ಹತ್ತುವವರು ಏನು ಪಾಪ ಮಾಡಿದ್ದಾರೆ ಎಂದು ನಗಾಡಿದ್ದೂ ಉಂಟು. ಆ ಮಾತಿಗೆ ಈಗ ನಾಚಿಕೆಯಾಗುತ್ತದೆ. ಮರ ಹತ್ತುವವರ ಬಗ್ಗೆ ನಾನು ಆಡಿದ್ದು ಸರಿಯಿತ್ತು, ಆರೋಹಣದ ಬಗ್ಗೆ ಆಡಿದ್ದು ತಪ್ಪಾಗಿತ್ತು.

ಟೋಕಿಯೊದಲ್ಲಿ ಆ ಆಟವನ್ನು ಮೊದಲ ಸಲ ನೋಡಿದಾಗ ನನ್ನ ವಿರೋಧ ಇನ್ನಷ್ಟು ಗಟ್ಟಿಯಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಯಾರು ಮೊದಲು ತುದಿ ಮುಟ್ಟುತ್ತಾರೆ ಎಂದು ನೋಡುವ ಸ್ಪೀಡ್, ಗಿಡ್ಡ ಗೋಡೆಯನ್ನು ಹಗ್ಗವಿಲ್ಲದೆ ಹತ್ತುವ ಬೌಲ್ಡರಿಂಗ್, ಎತ್ತರದ ಗೋಡೆಯಲ್ಲಿ ಹಗ್ಗ ಸಿಕ್ಕಿಸಿಕೊಳ್ಳುತ್ತ ಎಷ್ಟು ಮೇಲೆ ಹೋಗುತ್ತಾರೆ ಎಂದು ನೋಡುವ ಲೀಡ್ ಎಂಬ ಮೂರು ಬೇರೆ ಬೇರೆ ವಿದ್ಯೆಗಳನ್ನು ಒಂದೇ ಪದಕಕ್ಕೆ ಕಟ್ಟಿಹಾಕಿದ್ದರು. ಮೂರರಲ್ಲೂ ಬಂದ ಸ್ಥಾನಗಳನ್ನು ಗುಣಿಸಿ ಅಂಕ ತೆಗೆಯುತ್ತಿದ್ದರು. ನೂರು ಮೀಟರ್ ಓಡುವವನನ್ನೂ ಮ್ಯಾರಥಾನ್ ಓಡುವವನನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದಂತೆ. ಆದರೂ ಆ ಇಕ್ಕಟ್ಟಿನ ಬಾಗಿಲಲ್ಲಿ ಮೈ ಬಗ್ಗಿಸಿ ಒಳಗೆ ಹೋದವರ ಲೆಕ್ಕಾಚಾರವೇ ಕೊನೆಗೆ ಸರಿಯಾಯಿತು. ಪ್ಯಾರಿಸ್‌ನಲ್ಲಿ ಸ್ಪೀಡ್ ಬೇರೆಯಾಯಿತು. ಲಾಸ್ ಏಂಜಲೀಸ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಪದಕ. ಪ್ಯಾರಾ ಆರೋಹಣವೂ ಅಲ್ಲಿ ಪ್ಯಾರಾಲಿಂಪಿಕ್ಸ್ ಸೇರುತ್ತಿದೆ. ಬಾಗಿಲ ಹೊರಗೆ ನಿಂತು ಬೈಯುತ್ತಿದ್ದವರಿಂದ ಇದು ಆಗುತ್ತಿರಲಿಲ್ಲ.

ಪ್ಯಾರಿಸ್‌ನ ಸ್ಪೀಡ್ ಫೈನಲ್ ಅನ್ನು ನಮ್ಮ ಶಾಲೆಯ ಹುಡುಗರು ನನ್ನ ಮೊಬೈಲಿನಲ್ಲಿ ನೋಡಿದರು. ಇಂಡೋನೇಷ್ಯಾದ ವೆಡ್ರಿಕ್ ಲಿಯೊನಾರ್ಡೊ 15 ಮೀಟರ್ ಗೋಡೆಯನ್ನು 4.75 ಸೆಕೆಂಡಿನಲ್ಲಿ ಹತ್ತಿ ಗುಂಡಿ ಒತ್ತಿದ. ಚೀನಾದ ಸ್ಪರ್ಧಿ ಸೆಕೆಂಡಿನ ನೂರರಲ್ಲಿ ಎರಡು ಪಾಲು ಹಿಂದೆ. ಹುಡುಗರು ಆ ಓಟವನ್ನು ಹನ್ನೆರಡು ಸಲ ನೋಡಿದರು, ನನ್ನ ದಿನದ ಡೇಟಾ ಮುಗಿಯಿತು. ಈ ಗೋಡೆಯ ಸ್ವಾರಸ್ಯವೇನೆಂದರೆ, ಅದರ ಮೇಲಿನ ಹಿಡಿಗಳು ಜಗತ್ತಿನ ಎಲ್ಲ ಕಡೆಯೂ ಒಂದೇ ಜಾಗದಲ್ಲಿ, ಒಂದೇ ಕೋನದಲ್ಲಿ ಇರುತ್ತವೆ. ಪ್ಯಾರಿಸ್‌ನ ಗೋಡೆಯನ್ನು ವೆಡ್ರಿಕ್‌ನ ಊರಾದ ಪೊಂಟಿಯಾನಕ್‌ನಲ್ಲಿ ಕೂತು ಬಾಯಿಪಾಠ ಮಾಡಬಹುದು. ಹಾಗಿದ್ದರೆ ಯಾದಗಿರಿಯಲ್ಲಿ ಕೂತು ಏಕೆ ಮಾಡಬಾರದು ಎಂದು ಒಬ್ಬ ಹುಡುಗ ಕೇಳಿದ. ಗೋಡೆ ಇಲ್ಲವಲ್ಲೋ ಎಂದೆ. ಅದೊಂದೇ ಕಾರಣವೇ ಸರ್ ಎಂದ. ಅದೊಂದೇ ಕಾರಣವಲ್ಲ ಎಂದು ನನಗೆ ಗೊತ್ತಿತ್ತು, ಏಕೆಂದರೆ ಅದಕ್ಕೆ ಕೆಲವು ವರ್ಷಗಳ ಹಿಂದೆ ಒಂದು ಹುಡುಗಿಯನ್ನು ಕರೆದುಕೊಂಡು ಹೋಗಿ ಪೆಟ್ಟು ತಿಂದು ಬಂದಿದ್ದೆ.

ಆ ಹುಡುಗಿಯ ಹೆಸರು ಬೇಡ. ಒಂಬತ್ತನೇ ತರಗತಿಯಲ್ಲಿದ್ದಳು, ಅಪ್ಪ ಕಲ್ಲು ಒಡೆಯುವವರು. ಮೇಕೆ ಕಾಯಲು ಹೋಗಿ ಮೇಕೆಗಿಂತ ಮೇಲಕ್ಕೆ ಹತ್ತಿ ಕೂರುತ್ತಿದ್ದಳು. ಅಂಗೈ ಅಗಲದ ಬಿರುಕಿನಲ್ಲಿ ಮುಷ್ಟಿ ಬಿಗಿಸಿ ತಿರುಗಿಸುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡ ಊರೊಂದರಲ್ಲಿ ಆಯ್ಕೆ ಸ್ಪರ್ಧೆ ಇದೆ ಎಂದು ತಿಳಿದು, ಅವಳನ್ನೂ ಅವಳ ಅವ್ವನನ್ನೂ ರಾತ್ರಿ ಬಸ್ಸಿನಲ್ಲಿ ಕರೆದೊಯ್ದೆ. ಅಲ್ಲಿ ಬರಿಗಾಲಿನಲ್ಲಿ ಹತ್ತುವಂತಿಲ್ಲ ಎಂದರು. ಯಾರದೋ ಬೂಟು ಎರವಲು ತಂದೆವು, ಒಂದು ಅಳತೆ ದೊಡ್ಡದು. ಗೋಡೆಯ ತುಂಬ ಕೆಂಪು, ಹಳದಿ, ನೀಲಿ ಹಿಡಿಗಳು. ಶಿಳ್ಳೆ ಊದಿದ್ದೇ ತಡ, ಅವಳು ಎಲ್ಲರಿಗಿಂತ ಮೇಲೆ ಹೋದಳು. ಕೆಳಗಿಳಿದಾಗ ಅಂಕ ಸೊನ್ನೆ. ಅವಳಿಗೆ ಕೊಟ್ಟಿದ್ದ ದಾರಿ ಕೆಂಪು, ಅವಳು ಹಿಡಿದದ್ದರಲ್ಲಿ ಅರ್ಧ ಹಳದಿ. ಬಣ್ಣಕ್ಕೊಂದು ದಾರಿ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ, ನಾನು ಏನು ಹೇಳಲಿ?

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು: "ಸರ್, ಕೈಗೆ ಸಿಕ್ಕಿದ್ದನ್ನು ಹಿಡಿಯಬಾರದು ಎಂದರೆ ಅದನ್ನು ಅಲ್ಲಿ ಏಕೆ ಇಟ್ಟಿರುತ್ತಾರೆ?" ಅವಳ ಅವ್ವ ಕಿಟಕಿಯ ಕಡೆ ತಿರುಗಿಕೊಂಡು ನಕ್ಕರು. ನಾನು ನಗಲಿಲ್ಲ. ಅವಳ ತಪ್ಪನ್ನು ಎಣಿಸಿದ ತೀರ್ಪುಗಾರರ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ನಿಯಮವೇ. ನನಗೆ ಅರ್ಥವಾದದ್ದು ಇಷ್ಟು: ಬಂಡೆ ಹತ್ತುವುದು ಒಂದು ಭಾಷೆ, ಗೋಡೆ ಹತ್ತುವುದು ಅದರ ಬರಹ. ನಮ್ಮ ಮಕ್ಕಳು ಮಾತನಾಡಬಲ್ಲರು, ಅವರ ಕೈಗೆ ಯಾರೂ ಪಾಟಿ ಕೊಟ್ಟಿಲ್ಲ. ಪಾಟಿ ಕೊಡದೆ ಪರೀಕ್ಷೆಗೆ ಕೂರಿಸಿದರೆ ಸೊನ್ನೆಯೇ ಬರುತ್ತದೆ. ಅವಳೀಗ ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಚೆನ್ನಾಗಿದ್ದಾಳೆ.

ಪರ್ವತಾರೋಹಣದ ಸಂಸ್ಥೆಗೆ ಒಲಿಂಪಿಕ್ಸ್‌ನ ಉಸಾಬರಿ ಏಕೆ ಎಂದು ನಿಮ್ಮ ಹಿರಿಯ ಸದಸ್ಯರಲ್ಲಿ ಯಾರಾದರೂ ಕೇಳಿದರೆ ನಾನು ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. 1965ರಲ್ಲಿ ಒಂಬತ್ತು ಮಂದಿಯನ್ನು ಎವರೆಸ್ಟ್‌ನ ತುದಿ ಮುಟ್ಟಿಸಿದ ಸಂಸ್ಥೆ ನಿಮ್ಮದು. ಅಲ್ಲಿ ಸ್ಪರ್ಧೆ ಯಾರೊಂದಿಗೂ ಇರಲಿಲ್ಲ. ಆದರೆ ಒಲಿಂಪಿಕ್ಸ್‌ಗೂ ಹಿಮಾಲಯಕ್ಕೂ ನಂಟು ಮೊನ್ನೆ ಮೊನ್ನೆಯದಲ್ಲ. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಕ್ರೀಡಾಕೂಟದಲ್ಲಿ 1922ರ ಎವರೆಸ್ಟ್ ತಂಡಕ್ಕೆ ಪದಕ ಕೊಟ್ಟರು. ಆ ತಂಡ ತುದಿ ಮುಟ್ಟಿರಲಿಲ್ಲ. ಹಿಮ ಕುಸಿದು ಸತ್ತ ಏಳು ಮಂದಿ ಹೊರೆಯಾಳುಗಳ ಹೆಸರಿನಲ್ಲೂ ಪದಕಗಳಿದ್ದವು. ಹೊರೆ ಹೊತ್ತವರನ್ನು ಲೆಕ್ಕಕ್ಕೆ ಹಿಡಿದ ಆ ಒಂದು ಗಳಿಗೆಯ ಕಾರಣಕ್ಕೆ ಒಲಿಂಪಿಕ್ಸ್‌ನ ಮೇಲೆ ನನಗೆ ಸ್ವಲ್ಪ ಗೌರವ ಉಳಿದಿದೆ. ಉಳಿದ ಆಡಂಬರದ ಬಗ್ಗೆ ನನ್ನ ಅಭಿಪ್ರಾಯ ಬೇರೆ.

ಸ್ಪರ್ಧೆಯೇ ಬೇಡ ಎಂದವರು ಯುರೋಪಿನಲ್ಲೂ ಇದ್ದರು. 1985ರಲ್ಲಿ ಫ್ರಾನ್ಸಿನ ಹತ್ತೊಂಬತ್ತು ಮಂದಿ ಹೆಸರಾಂತ ಆರೋಹಿಗಳು ಸ್ಪರ್ಧೆಯ ವಿರುದ್ಧ ಪ್ರಣಾಳಿಕೆಗೆ ಸಹಿ ಹಾಕಿದರು. ಅದೇ ವರ್ಷ ಇಟಲಿಯಲ್ಲಿ ಸ್ಪರ್ಧೆ ನಡೆದೇ ನಡೆಯಿತು, ಸಹಿ ಹಾಕಿದವರಲ್ಲಿ ಕೆಲವರು ಮುಂದೆ ತಾವೇ ಸ್ಪರ್ಧೆಗೆ ಇಳಿದರು. ಬ್ರಿಟನ್ನಿನ ಪರ್ವತಾರೋಹಣ ಮಂಡಳಿಯ ಕಥೆ ಇನ್ನೂ ರಂಜನೀಯ. 2016ರಲ್ಲಿ ಅದು ತನ್ನ ಹೆಸರನ್ನೇ ಬದಲಿಸಿ 'ಕ್ಲೈಂಬ್ ಬ್ರಿಟನ್' ಎಂದು ಇಟ್ಟುಕೊಳ್ಳಲು ಹೊರಟಿತು. ಸದಸ್ಯರು ಸಿಡಿದೆದ್ದರು, ಹೆಸರು ವಾಪಸಾಯಿತು. ಮರುವರ್ಷ ಅವಿಶ್ವಾಸ ನಿರ್ಣಯವೇ ಬಂತು, ಬಿದ್ದುಹೋಯಿತು. ಇಷ್ಟೆಲ್ಲ ಜಗಳವಾಡಿದ ದೇಶದಿಂದ 2024ರಲ್ಲಿ ಟೋಬಿ ರಾಬರ್ಟ್ಸ್ ಎಂಬ ಹತ್ತೊಂಬತ್ತರ ಹುಡುಗ ಬೌಲ್ಡರಿಂಗ್ ಮತ್ತು ಲೀಡ್ ಸೇರಿದ ಸ್ಪರ್ಧೆಯ ಚಿನ್ನ ತಂದ. ನಮ್ಮಲ್ಲಿ ಇಂತಹ ಜಗಳ ಕೂಡ ಜೋರಾಗಿ ನಡೆದದ್ದು ನನ್ನ ಕಿವಿಗೆ ಬಿದ್ದಿಲ್ಲ. ಜಗಳವಾಗುವಷ್ಟು ಜನ ಆ ಆಟದ ಒಳಗಿದ್ದರೆ ತಾನೇ?

ಈಗ ಬಂಡೆಯ ವಿಷಯ. ಈ ಪತ್ರ ಬರೆಯಲು ಹೊರಟದ್ದೇ ಇದಕ್ಕಾಗಿ.

ಕಲಬುರಗಿ, ಬೀದರ್, ಯಾದಗಿರಿ ಎಂದು ಮೂರು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ, ನೆಲದ ಕೆಳಗೆ ಮೂರೂ ಬೇರೆ. ಬೀದರಿನದು ಜಂಬಿಟ್ಟಿಗೆ. ತೋಡುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಕೋಟೆ ಕಟ್ಟಲು ಚೆನ್ನ, ಹತ್ತಿದರೆ ಕೈಯಲ್ಲಿ ಪುಡಿಯಾಗುತ್ತದೆ. ಕಲಬುರಗಿಯ ಕಡೆ ಎರೆಮಣ್ಣು, ಅದರ ಕೆಳಗೆ ಪದರ ಪದರವಾಗಿ ಏಳುವ ಶಹಾಬಾದ್ ಕಲ್ಲು. ನೆಲಕ್ಕೆ ಹಾಸಬಹುದು, ನೇತಾಡಲು ಆಗದು. ಯಾದಗಿರಿ, ಶಹಾಪುರ, ಸುರಪುರದ ಕಡೆ ಬಂದರೆ ಗ್ರಾನೈಟ್. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ನಮ್ಮ ಗುಡ್ಡವನ್ನು ಹತ್ತಿರ ಬಂದು ಮುಟ್ಟಿದರೆ ಉಪ್ಪಿನ ಹರಳಿನಷ್ಟು ಒರಟು. ಕಾಲು ಜಾರುವುದಿಲ್ಲ, ಅಂಗೈಯ ಸಿಪ್ಪೆ ಉಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟರ ಮೇಲೆ ಅದನ್ನು ಮುಟ್ಟಿದರೆ ರೊಟ್ಟಿ ಬೇಯಿಸುವ ಹಂಚು.

ಇಂತಹ ಕಲ್ಲು ಕಂಡಾಗ ತಿಳಿದವರ ಕಣ್ಣು ಹೊಳೆಯುತ್ತದೆ. ಬಾದಾಮಿಯ ಮರಳುಗಲ್ಲಿನ ಮೇಲೆ ಬೋಲ್ಟ್ ಹೊಡೆದ ದಾರಿಗಳನ್ನು ಹತ್ತಲು, ಹಂಪಿಯ ಗುಂಡುಗಳನ್ನು ಹಗ್ಗವಿಲ್ಲದೆ ಏರಲು ಜಗತ್ತಿನ ಮೂಲೆಗಳಿಂದ ಜನ ಬರುತ್ತಾರೆ. ನಾಳೆ ಒಲಿಂಪಿಕ್ಸ್‌ನ ಹೆಸರಿನಲ್ಲಿ ಯಾರೋ ಒಬ್ಬರು ನಕ್ಷೆ ಹಿಡಿದುಕೊಂಡು ಇಲ್ಲಿಗೂ ಬರುತ್ತಾರೆ, ಕೋಟೆ ಗುಡ್ಡದಲ್ಲಿ 'ಸಾಹಸ ಕ್ರೀಡಾ ಕೇಂದ್ರ'ದ ಅಡಿಗಲ್ಲು ಹಾಕುತ್ತಾರೆ ಎಂಬ ಭಯ ನನಗಿದೆ. ಅಡಿಗಲ್ಲು ಹಾಕುವುದರಲ್ಲಿ ನಮ್ಮ ಕಡೆಯವರು ಯಾರಿಗೂ ಕಡಿಮೆಯಿಲ್ಲ. ಮಾನ್ಯರೇ, ಅದು ಬೇಡ. ಒಲಿಂಪಿಕ್ಸ್‌ಗೆ ಬಂಡೆಯೇ ಬೇಕಿಲ್ಲ. ನಿಜವಾದ ಬಂಡೆಯ ಮೇಲೆ ಸ್ಪರ್ಧೆ ನಡೆಸಿದರೆ ಬಂಡೆಯೂ ಹಾಳು, ನ್ಯಾಯವೂ ಹಾಳು ಎಂದು ಯುರೋಪಿನವರು ಕೆಲವೇ ವರ್ಷಗಳಲ್ಲಿ ಕಂಡುಕೊಂಡು ಗೋಡೆಗೆ ಸರಿದರು. ಒಲಿಂಪಿಕ್ ಆರೋಹಣವನ್ನು ನಾನು ಬೆಂಬಲಿಸಲು ಮುಖ್ಯ ಕಾರಣ ಇದೇ. ಅದು ಪ್ಲೈವುಡ್ ಮತ್ತು ಪ್ಲಾಸ್ಟಿಕ್ಕಿನ ಆಟವಾದ್ದರಿಂದ ಶಹಾಪುರದ ಮಲಗಿದ ಬುದ್ಧನ ಮೂಗಿಗೆ ಯಾರೂ ಮೊಳೆ ಹೊಡೆಯಬೇಕಾಗಿಲ್ಲ. ನಾಲ್ಕು ಗುಡ್ಡಗಳು ಸೇರಿ ಮಲಗಿದ ಬುದ್ಧನಂತೆ ಕಾಣುವ ಆ ಸಾಲನ್ನು ರಸ್ತೆಯಿಂದ ನೋಡಿದವರಿಗೆ ನಾನು ಹೇಳುವುದು ತಿಳಿಯುತ್ತದೆ. ನಮ್ಮ ಕೋಟೆಯ ಮೇಲೆ ಗುಡಿಗಳಿವೆ, ಮಸೀದಿ ಇದೆ, ಮದ್ದಾನೆಯಂತಹ ತೋಪುಗಳಿವೆ, ಸಂಜೆ ಗಾಳಿಗೆ ಬಂದು ಕೂರುವ ಮುದುಕರಿದ್ದಾರೆ. ಕಲ್ಲುಗಣಿಯ ಪಾಲಾಗದೆ ಉಳಿದ ಗುಡ್ಡಗಳೇ ಕಡಿಮೆ. ಅವು ಯಾವ ಪದಕದ ತರಬೇತಿಗೂ ಸಿಗದೆ ಹಾಗೆಯೇ ಇರಲಿ.

ಗೋಡೆಯನ್ನು ಮಾತ್ರ ಕೊಡಿ. ಸ್ಪೀಡ್‌ಗೆ 15 ಮೀಟರ್ ಬೇಕು, ಹಗ್ಗವನ್ನು ತಾನೇ ಸೆಳೆದುಕೊಳ್ಳುವ ಯಂತ್ರ ಬೇಕು. ಅದು ಜಿಲ್ಲಾ ಕೇಂದ್ರದ ಮಟ್ಟದ ಮಾತು. ಬೌಲ್ಡರಿಂಗ್‌ಗೆ ಅಷ್ಟೆಲ್ಲ ಬೇಡ. ಸ್ಪರ್ಧೆಯ ಗೋಡೆಯೇ ನಾಲ್ಕೂವರೆ ಮೀಟರ್, ಹಗ್ಗವಿಲ್ಲ, ಕೆಳಗೆ ದಪ್ಪ ಹಾಸು ಇದ್ದರಾಯಿತು. ಕಬ್ಬಿಣದ ಚೌಕಟ್ಟನ್ನು ನಮ್ಮ ಊರಿನ ವೆಲ್ಡಿಂಗ್ ಅಂಗಡಿಯವರು ಕಟ್ಟುತ್ತಾರೆ. ಹಿಡಿಗಳನ್ನು ಮರದಲ್ಲೂ ಮಾಡಬಹುದು. ಪ್ಯಾರಿಸ್ ಮುಗಿದ ಮೇಲೆ ನಾನೇ ಬಡಿಗರೊಬ್ಬರಿಂದ ಜಾಲಿ ಮರದ ಇಪ್ಪತ್ತು ಹಿಡಿಗಳನ್ನು ಮಾಡಿಸಿದೆ. ಮೂಲೆ ಉಜ್ಜಿ ನುಣುಪು ಮಾಡಿಕೊಟ್ಟು ಅರ್ಧ ಕೂಲಿ ಬೇಡವೆಂದರು, ಅವರ ಮೊಮ್ಮಗ ನಮ್ಮ ಶಾಲೆಯವನು. ಅವನ್ನು ಹಲಗೆಗೆ ಬಿಗಿದು ಶಾಲೆಯ ಹಿಂದಿನ ಗೋಡೆಗೆ ಒರಗಿಸಿದ್ದೆ. ಮೂರನೇ ವಾರಕ್ಕೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ, ಮಗು ಬಿದ್ದರೆ ಹೊಣೆ ಯಾರು ಎಂದು ಕೇಳಿದರು. ಕಬಡ್ಡಿಯಲ್ಲಿ ಕಾಲು ಮುರಿದರೆ ಯಾರು ಹೊಣೆಯೋ ಅವರೇ ಎಂದೆ. ಕಬಡ್ಡಿಗೆ ಇಲಾಖೆಯ ಪಟ್ಟಿಯಲ್ಲಿ ಹೆಸರಿದೆ ಎಂದರು. ಮಾತು ಸರಿ. ಹಲಗೆ ಈಗ ಉಗ್ರಾಣದಲ್ಲಿದೆ. ಆ ಒಂದು ಹಾಳೆಯನ್ನು, ಅಂದರೆ ಇದು ಒಪ್ಪಿತ ಆಟ, ಇದಕ್ಕೆ ಇಂತಿಷ್ಟು ಸುರಕ್ಷತೆ ಸಾಕು, ಇದನ್ನು ಕಲಿಸಲು ಶಿಕ್ಷಕನಿಗೆ ಇಂತಹ ತರಬೇತಿ ಬೇಕು ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ನಿಮ್ಮಿಂದ ಬಿಟ್ಟರೆ ಬೇರೆ ಯಾರು ಕೊಡಬಲ್ಲರು? 2016ರಲ್ಲೂ 2017ರಲ್ಲೂ ಬೌಲ್ಡರಿಂಗ್ ವಿಶ್ವಕಪ್ ನವಿ ಮುಂಬೈಗೆ ಬಂದಿತ್ತು. ನಮ್ಮ ಸ್ಟೇಷನ್ನಿನಿಂದ ಒಂದು ರಾತ್ರಿಯ ದಾರಿ. ನಮಗೆ ತಿಳಿದದ್ದು ಅದು ಮುಗಿದು ವರ್ಷಗಳಾದ ಮೇಲೆ.

ಆಯ್ಕೆಯ ತಿಂಗಳ ಬಗ್ಗೆಯೂ ಒಂದು ಮಾತು. ಹಿಂಗಾರಿನ ಕೆಲಸ ಮುಗಿಯುತ್ತಿದ್ದಂತೆ ನಮ್ಮ ತಾಲ್ಲೂಕುಗಳಿಂದ ಕುಟುಂಬಗಳು ಬೆಂಗಳೂರಿಗೆ, ಮುಂಬೈಗೆ ಗುಳೆ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ಚೆನ್ನಾಗಿ ಹತ್ತುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂದು ಬೆಂಗಳೂರಿನಲ್ಲಿ ಹದಿನೆಂಟು ಮಹಡಿಯ ಕಟ್ಟಡಕ್ಕೆ ಹಗ್ಗದಲ್ಲಿ ನೇತುಬಿದ್ದು ಬಣ್ಣ ಬಳಿಯುತ್ತಾನೆ. ಜನವರಿಯಲ್ಲಿ ಆಯ್ಕೆ ಇಟ್ಟರೆ ನನ್ನ ಬಳಿ ಕರೆದುಕೊಂಡು ಬರಲು ಮಕ್ಕಳೇ ಇರುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಟ್ಟರೆ ಇರುತ್ತಾರೆ.

ಕೊನೆಯದಾಗಿ, ನನ್ನನ್ನು ನಿಜವಾಗಿ ಕಾಡುವ ಅಳುಕು ಒಂದಿದೆ. ಈ ಆಟದಲ್ಲಿ ಮೈ ಹಗುರವಾದಷ್ಟೂ ಬೆರಳಿನ ಮೇಲಿನ ಭಾರ ಕಡಿಮೆ. ಹಾಗಾಗಿ ಹೊಟ್ಟೆ ಕಟ್ಟಿ ಗೆಲ್ಲುವ ಚಾಳಿ ದೊಡ್ಡ ದೇಶಗಳಲ್ಲೇ ಹಬ್ಬಿತು. ಎರಡು ಒಲಿಂಪಿಕ್ಸ್‌ಗಳ ಚಿನ್ನ ಗೆದ್ದ ಸ್ಲೊವೇನಿಯಾದ ಯಾನ್ಯಾ ಗಾರ್ನ್‌ಬ್ರೆಟ್ ಅದರ ವಿರುದ್ಧ ಬಹಿರಂಗವಾಗಿ ಮಾತನಾಡಿದರು. ಅಂತರರಾಷ್ಟ್ರೀಯ ಫೆಡರೇಷನ್ನಿನ ವೈದ್ಯಕೀಯ ಆಯೋಗದಿಂದ ವೈದ್ಯರು ರಾಜೀನಾಮೆ ಕೊಟ್ಟು ಹೊರಬಂದ ಮೇಲೆ 2024ರಲ್ಲಿ ಆಟಗಾರರ ಆರೋಗ್ಯ ತಪಾಸಣೆಯ ನಿಯಮ ಬಂತು. ನಮ್ಮಲ್ಲಿ ಹೊಟ್ಟೆ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಯೋಜನೆ ಯಾದಗಿರಿಯೂ ಸೇರಿದಂತೆ ಈ ಕಡೆಯ ಜಿಲ್ಲೆಗಳಲ್ಲೇ ಮೊದಲು ಶುರುವಾದದ್ದು ಏಕೆ ಎಂದು ನಿಮಗೆ ತಿಳಿದಿರಬಹುದು. ನಮ್ಮ ಹುಡುಗಿಯರಲ್ಲಿ ರಕ್ತಹೀನತೆ ಇದೆ. ಇವರು ತೆಳ್ಳಗಿದ್ದಾರೆ, ಗೋಡೆಗೆ ಹೇಳಿ ಮಾಡಿಸಿದ ಮೈ ಎಂದು ಯಾವ ತರಬೇತುದಾರನೂ ನನ್ನ ಮುಂದೆ ಬಾಯಿ ಚಪ್ಪರಿಸಬಾರದು. ಗೋಡೆಯ ಜೊತೆಗೆ ಊಟ ಬರಬೇಕು. ತೂಕ ನೋಡುವ ಯಂತ್ರ ಬರುವುದಾದರೆ, ತೂಕ ಇಳಿದ ಮಗುವನ್ನು ಆ ದಿನ ಹತ್ತಿಸದಿರುವುದಕ್ಕೆ ಬರಬೇಕು. ಈ ಒಂದು ಷರತ್ತನ್ನು ನೀವು ಒಪ್ಪದಿದ್ದರೆ ಗೋಡೆಯೂ ಬೇಡ. ನಮ್ಮ ಮಕ್ಕಳು ಮೇಕೆಗಳ ಹಿಂದೆ ಹತ್ತಿಕೊಂಡು ಇರುತ್ತಾರೆ.

ಒಪ್ಪುವುದಾದರೆ, ನಮ್ಮ ಶಾಲೆಯ ಹಿಂಭಾಗದ ಗೋಡೆ ಉತ್ತರಕ್ಕೆ ಮುಖ ಮಾಡಿದೆ, ವರ್ಷದ ಹೆಚ್ಚಿನ ತಿಂಗಳು ನೆರಳಿರುತ್ತದೆ. ಉದ್ದ ಒಂಬತ್ತು ಮೀಟರ್, ಎತ್ತರ ಐದಕ್ಕೆ ಒಂದು ಗೇಣು ಕಡಿಮೆ. ಎಡಗಡೆ ನೀರಿನ ಟ್ಯಾಂಕ್ ಇದೆ, ಅದನ್ನು ಎರಡು ಮಾರು ಸರಿಸಿಕೊಡಲು ಮುಖ್ಯೋಪಾಧ್ಯಾಯರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ನೋಡಲು ಬರುವವರು ಬೆಳಿಗ್ಗೆ ಏಳಕ್ಕೆ ಮೊದಲು ಬನ್ನಿ. ಜಾಲಿ ಮರದ ಆ ಇಪ್ಪತ್ತು ಹಿಡಿಗಳನ್ನು ಉಗ್ರಾಣದಿಂದ ತೆಗೆಸಿ ಇಟ್ಟಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ,
ಯಾದಗಿರಿ